ಮಾಸಿದ ಲೆಕ್ಕ

ಹೊರಗೆ ನಲವತ್ತೆರಡು ಡಿಗ್ರಿ,
ಇನ್‌ಕ್ಯುಬೇಟರಿನಲ್ಲಿ ಮೂವತ್ತೇಳು.
ಬಳ್ಳಾರಿಯ ಮೇ ತಿಂಗಳಲ್ಲಿ
ಬಿಳಿ ರಕ್ತಕಣಗಳದೇ ತಂಪು ಬಾಳು.

ಬಣ್ಣ ಹಾಕುವಾಗ ದೀಪ ಆರಿಸಿ
ಕೊಳವೆಗೆ ಬೇಗಡೆ ಸುತ್ತುತ್ತೇನೆ.
ಹತ್ತು ನಿಮಿಷ, ಅಷ್ಟೇ. ಹೆಚ್ಚಾದರೆ ವಿಷ.
ಒಳಹೊಗುವಾಗ ಬಣ್ಣವೇ ಇಲ್ಲದ ಬಣ್ಣ ಅದು;
ಕಣದೊಳಗಿನ ಎಂಜೈಮು ಬಾಲ ಕತ್ತರಿಸಿದ ಮೇಲೆ
ಹಸಿರಾಗಿ ಹೊಳೆದು, ಪ್ರೋಟೀನಿಗೆ ಅಂಟಿ
ಬಂದ ಬಾಗಿಲು ಮರೆಯುತ್ತದೆ.

ಎಂಜೈಮು ನಮ್ಮ ಮನೆಗೆ ಹೊಸ ಮಾತಲ್ಲ.
ಅಪ್ಪ ಗಾದಿಲಿಂಗಪ್ಪ, ಕೌಲ್‌ಬಜಾರಿನಾಚೆ
ವಾಷಿಂಗ್ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷ
ಜೀನ್ಸಿನ ನೀಲಿ ತೆಗೆದವನು.
ತನ್ನ ಉಗುರಬುಡದ್ದು ಮಾತ್ರ ಹೋಗಲೇ ಇಲ್ಲ.
"ನಾವು ಇಂಜಾಮು ಹಾಕಿ ಬಣ್ಣ ಕಳೀತೀವಿ,
ನೀವು ಇಂಜಾಮಿಂದ ಬಣ್ಣ ಬರಸ್ತೀರಿ.
ತಲಿಕೆಳಗ ಐತಲ್ಲವ್ವ ನಿಮ್ದು!"

ಆಮೇಲೆ ಹೊಸ ಬಣ್ಣ ಯಾರೂ ಸುರಿಯುವುದಿಲ್ಲ.
ಒಂದು ಎರಡಾದರೆ ಇದ್ದದ್ದೇ ಪಾಲು,
ಪಂಚಾಯ್ತಿ ಇಲ್ಲ, ತಕರಾರಿಲ್ಲ:
ಮಕ್ಕಳಿಗೆ ಅರ್ಧ, ಮೊಮ್ಮಕ್ಕಳಿಗೆ ಕಾಲು, ಮರಿಮಕ್ಕಳಿಗೆ ಅರೆಕಾಲು.
ನೀಲಿ ಲೇಸರಿನೆದುರು ಒಂದೊಂದಾಗಿ ಹಾಯ್ದು
ತಮ್ಮ ತಲೆಮಾರು ಒಪ್ಪಿಸುತ್ತವೆ.
ಏಳೆಂಟು ದಾಟಿದರೆ
ಅದು ಬಣ್ಣವೋ, ಕಣದ ಸ್ವಂತ ಮಿಣುಕೋ
ಯಂತ್ರಕ್ಕೂ ತಿಳಿಯುವುದಿಲ್ಲ.
ನನಗೂ ಮುತ್ತಜ್ಜಿಯ ಹೆಸರಿನಾಚೆ ಗೊತ್ತಿಲ್ಲ.

ಸಿರುಗುಪ್ಪದ ಕಡೆಯ ಹುಡುಗಿ, ಮೂರು ವರ್ಷ,
ವರ್ಷಕ್ಕೆ ನಾಲ್ಕು ಸಲ ನ್ಯುಮೋನಿಯಾ.
ಕೊಳವೆಯ ಮೇಲೆ ಹೆಸರಿಲ್ಲ, ಹದಿನೇಳು ಅಂತಷ್ಟೇ.
ಬಣ್ಣ ಹಾಕಿ, ಕೆಣಕುವ ಮದ್ದು ಹಾಕಿ
ನಾಲ್ಕು ದಿನ ಕಾದೆ. ಎರಡು ಸಲ ಕರೆಂಟು ಹೋಗಿ
ಜನರೇಟರು ಕೆಮ್ಮುತ್ತ ಎದ್ದಿತು.

ಹೋಲಿಸಲು ಜೊತೆಗಿಟ್ಟದ್ದು ನನ್ನದೇ ರಕ್ತ.
ಪರದೆಯ ಮೇಲೆ ನನ್ನವು ಐದು ಗುಡ್ಡ,
ಬಲದಿಂದ ಎಡಕ್ಕೆ ಮಾಸುತ್ತ ನಡೆದಿದ್ದವು.
ಹದಿನೇಳರದು ಒಂದೇ.
ನಮ್ಮೂರ ನಡುವಿನ ಬಂಡೆಗುಡ್ಡದ ಹಾಗೆ
ಬಲತುದಿಯಲ್ಲಿ, ಮೊದಲ ದಿನದ ಅಷ್ಟೂ ಹಸಿರು ಹೊತ್ತು.
ನೋಡಲು ಎಷ್ಟು ಚಂದ.

ಶಾಹಿನಾ ಮೇಡಂ ಕನ್ನಡಕ ತೆಗೆದು ಒರೆಸಿದರು.
"ಇನ್ನೊಂದು ಸಲ ಹಾಕು."

ರಾತ್ರಿ ಅಪ್ಪನಿಗೆ ಹೇಳಿದೆ.
ತುತ್ತು ಕೈಯಲ್ಲೇ ಹಿಡಿದು ಕೂತ.
"ಬಣ್ಣ ಹೋಗದ ಪ್ಯಾಂಟು ಅಂದ್ರ
ಯಾರೂ ಹಾಕ್ಕೊಂಡಿಲ್ಲ, ಯಾರೂ ಒಗೆದಿಲ್ಲ, ಅಷ್ಟ.
ಬಾಳಿದ್ದಕ್ಕ ಬಣ್ಣ ಹೋಗ್ತೈತಿ."

ಇವತ್ತು ಮತ್ತೆ ಹದಿನೇಳು.
ಮತ್ತೆ ಕತ್ತಲೆ, ಬೇಗಡೆ, ಹತ್ತು ನಿಮಿಷ.
ದೀಪ ಹಾಕುವ ಮೊದಲು
ಮಾಸ್ಕಿನೊಳಗೇ ಅಂದೆ:
ಮಾಸು ತಾಯೀ,
ಸ್ವಲ್ಪ ಮಾಸು.