ಮುಚ್ಚಳದ ಮೂಗು

ಹಲ್ಲು ಕೀಳಿಸಲು ನರೀನ್ ಪೇಟೆಗೆ ಹೊರಟ ಗಂಡ
ಕುದುರೆ ಹತ್ತುವಾಗ ಕೆನ್ನೆ ಹಿಡಿದುಕೊಂಡೇ ಹೇಳಿದ್ದು ಇಷ್ಟು:
"ಹಗ್ಗ ಎಳೆದರೆ ಸಾಕು, ಏಳುತ್ತದೆ."

ಎಳೆದೆ.
ಕೆಂಪು ಟ್ಯಾಂಕಿನ ಪುಟ್ಟ ಇಂಜಿನ್ನು
ಮುದುಕನ ಹಾಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಮತ್ತೆ ಎಳೆದೆ. ಹದಿನಾರು ಸಲ. ಆಮೇಲೆ ಎಣಿಸಲಿಲ್ಲ.
ಜಪ್ಪಯ್ಯ ಅಂದರೂ ಊಹೂಂ.

ಅದು ಏಳದೆ ಡೈನಮೋ ತಿರುಗದು,
ಕರೆಂಟಿನ ಕತ್ತರಿ ಆಡದು.
ದೊಡ್ಡಿಯಲ್ಲಿ ಇನ್ನೂರ ಹನ್ನೊಂದು ಕುರಿ
ಕಳೆದ ಚಳಿಗಾಲವನ್ನು ಮೈಮೇಲೆ ಹೊತ್ತು
ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿದ್ದವು.
ಉಣ್ಣೆಯ ಲಾರಿ ನಾಳಿದ್ದು ಬರುತ್ತದೆ,
ಅದೂ ಕಣಿವೆಯ ಕೆಳಗಿನ ಸೇತುವೆ ತನಕ ಮಾತ್ರ.

ಆಚೆ ದಿಬ್ಬದ ಗುಡಾರದಿಂದ ಸಗಿಂಡಿಕ್ ಬಂದ.
ಹರೆಯದಲ್ಲಿ ಸೈನ್ಯದ ಟ್ಯಾಂಕು ಓಡಿಸಿದವನು;
ಆ ಕಥೆ ಬೇಸಿಗೆಗೊಂದು ಮೈಲಿ ಉದ್ದವಾಗುತ್ತದೆ.
"ಚೋಕ್ ಎಳಿ ಬುರುಲ್ಕಾನ್" ಎಂದ. ಎಳೆದೇ ಇತ್ತು.
"ಹಾಗಾದರೆ ತಳ್ಳು" ಎಂದ. ತಳ್ಳಿದೆ.
"ಇಷ್ಟು ಎತ್ತರದಲ್ಲಿ ಗಾಳಿಯೇ ತಾಪತ್ರಯ" ಎಂದ,
ತಾನೇ ಏದುಸಿರು ಬಿಡುತ್ತ.

ಪ್ಲಗ್ಗು ಬಿಚ್ಚಿದೆವು.
ಒದ್ದೆಯಿಲ್ಲ, ಮಸಿಯಿಲ್ಲ,
ಬಿತ್ತಲು ಮರೆತ ಬೀಜದ ಹಾಗೆ ಒಣಗಿ ಕೂತಿದೆ.
ವಯರು ಸಿಕ್ಕಿಸಿ ಇಂಜಿನ್ನಿನ ಮೈಗೆ ಆನಿಸಿದೆ;
ಸಗಿಂಡಿಕ್ ಹಗ್ಗ ಎಳೆದ,
ನಾನು ಅಂಗೈ ಮರೆ ಮಾಡಿ ನೋಡಿದೆ.
ಚಿಟ್. ನೀಲಿ ಕಿಡಿ.

ಬೆಂಕಿ ಇದೆ, ಎಣ್ಣೆ ಇಲ್ಲ.
ಟ್ಯಾಂಕು ಅಲುಗಿಸಿದರೆ ಕುಳುಕುಳು, ಕಂಠಮಟ್ಟ.
ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ
ಇರುವೆಗೂ ಕಾಲು ನೆನೆಯದಷ್ಟು.
ನಡುವೆ ಗೇಣುದ್ದದ ಪೈಪು. ಕಳಚಿ ಊದಿದೆ. ಸಲೀಸು.
ಜಾಲರಿ ತೊಳೆದೆ. ಬಾಯಿ ತುಂಬ ಪೆಟ್ರೋಲಿನ ಕಹಿ.

ಸಗಿಂಡಿಕ್ ಶುರು ಮಾಡಿದ:
ಚೀನಾದ ಮಾಲು, ಹಳಸಿದ ಪೆಟ್ರೋಲು,
ಯಾರದೋ ಕಣ್ಣು ಬಿದ್ದಿರಬೇಕು,
ಹೆಂಗಸು ಹಗ್ಗ ಎಳೆಯಬಾರದು...
ಕೊನೆಯದನ್ನು ಬಾಯಿಂದ ಹೇಳಲಿಲ್ಲ,
ಗಡ್ಡ ತುರಿಸಿಕೊಂಡು ಹೇಳಿದ.

ಅತ್ತೆ ಮಾತ್ರ ಗುಡಾರದ ಬಾಗಿಲಲ್ಲಿ
ಕೈಕತ್ತರಿ ಹಿಡಿದು ಏಳನೆಯ ಕುರಿ ಬೋಳಿಸುತ್ತಿದ್ದಳು.
"ಮೊದಲು ಅವನಿಗೆ ಚಹಾ ಕೊಡು, ಬಾಯಿ ಮುಚ್ಚುತ್ತದೆ"
ಎಂದಳು, ಅವನಿಗೂ ಕೇಳುವ ಹಾಗೆ.

ಬಗ್ಗಿಸಿದೆ. ಎರಡು ಹನಿ ಬಿದ್ದು ನಿಂತಿತು.
"ಮುಚ್ಚಳದ ಮೂಗು ಕಟ್ಟಿದೆ ನೋಡೇ,
ಬೆಳಗಿನ ಹಿಟ್ಟು ಮೆತ್ತಿಕೊಂಡು.
ಒಳಗೆ ಗಾಳಿ ಹೋಗದೆ ಹೊರಗೆ ಚಹಾ ಬಂದೀತೆ?"
ಕುರಿಯಿಂದ ಕಣ್ಣೆತ್ತದೆಯೇ ಹೇಳಿದ್ದು.

ಕೆಟಲ್ಲು ಕೈಯಲ್ಲೇ ಉಳಿಯಿತು.
ನೆನಪಾದದ್ದು ಗಂಡನ ಹೆಬ್ಬೆರಳು:
ಪ್ರತಿ ಸಲ ಹಗ್ಗ ಹಿಡಿಯುವ ಮುನ್ನ
ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ
ಮೆಲ್ಲಗೆ ತಟ್ಟುವುದು.
ಹದಿನಾಲ್ಕು ಬೇಸಿಗೆ ನೋಡಿದ್ದೇನೆ.
ಬಿಸ್ಮಿಲ್ಲಾ ಅನ್ನುವ ಹಾಗೆ ಏನೋ ಎಂದುಕೊಂಡಿದ್ದೆ,
ರೊಟ್ಟಿ ಮುರಿಯುವ ಮುಂಚೆ ತುಟಿ ತಾನಾಗಿ ಆಡುವಂತೆ.

ತಿರುಗಿಸಿದೆ.
ಸ್ಸ್ಸ್.
ರಾತ್ರಿಯ ಚಳಿಗೆ ಬಿಗಿದುಕೊಂಡಿದ್ದ ಟ್ಯಾಂಕು
ಅತ್ತ ಮಗುವಿನ ಹಾಗೆ ಉಸಿರೆಳೆದುಕೊಂಡಿತು.
ಮುಚ್ಚಳದ ತೂತಿನ ತುಂಬ ಕುರಿಯ ಜಿಡ್ಡು,
ಹೋದ ವರ್ಷದ ಉಣ್ಣೆಯ ಒಂದೇ ಒಂದು ಎಳೆ.
ದಬ್ಬಳದಿಂದ ಚುಚ್ಚಿ ತೆಗೆದೆ.

ಮೂರನೆಯ ಎಳೆತಕ್ಕೆ ಎದ್ದಿತು,
ಬಂಡೆಯ ಮೇಲಿನ ಹದ್ದುಗಳನ್ನೂ ಎಬ್ಬಿಸಿ.
ಕುರಿಗಳು ಒಂದೇ ಸಲ ಹಿಂದೆ ಸರಿದವು,
ಅವಕ್ಕೆ ಅದು ಕೆಟ್ಟ ಸುದ್ದಿ.
"ಗಾಳಿಯದೇ ತಾಪತ್ರಯ, ಹೇಳಲಿಲ್ಲವೆ ನಾನು?"
ಎಂದ ಸಗಿಂಡಿಕ್.
ಹೇಳಿದ್ದ, ನಿಜ.

ಕತ್ತಲಾಗುವ ಹೊತ್ತಿಗೆ ಗಂಡ ಬಂದ.
ಬಾಯಲ್ಲಿ ಹತ್ತಿ, ಕೆನ್ನೆ ಕುಂಬಳಕಾಯಿ.
ತೊಂಬತ್ತಮೂರು ಬೋಳು ಕುರಿಗಳನ್ನು ನೋಡಿದ.
ನೇರ ಇಂಜಿನ್ನಿನ ಹತ್ತಿರ ಹೋಗಿ
ಹೆಬ್ಬೆರಳಿಂದ ಮುಚ್ಚಳ ಮುಟ್ಟಿದ.
ಸಡಿಲವಾಗಿತ್ತು.

ನನ್ನ ಕಡೆ ತಿರುಗಿ ಏನೋ ಕೇಳಿದ:
"ಊಂ ಊಂಊಂ?"
"ಹಗ್ಗ ಎಳೆದೆ, ಅಷ್ಟೇ" ಎಂದೆ.