ಆಕೃತಿ ಮೂರು

ಮೇಲೆ ಎರಡೂವರೆ ಸೆಂಟಿಮೀಟರು, ಎಡಕ್ಕೂ ಅಷ್ಟೇ,
ಬಲಕ್ಕೆ ಒಂದೂವರೆ, ಕೆಳಗೆ ಒಂದು.
ಈ ಅಂಚಿನಾಚೆ ಗೆರೆಯ ತುದಿ ಇಣುಕಿದರೂ
ತಕರಾರಿನ ಕಾಗದ ಬರುತ್ತದೆ.
ಬಣ್ಣ ಕೂಡದು. ಮಾತು ಕೂಡದು.
ತೀರಾ ಬೇಕೆಂದರೆ ನೀರು, ಹಬೆ, ತೆರೆದಿದೆ, ಮುಚ್ಚಿದೆ,
ಇಂಥ ಒಂದೆರಡು.
ಹತ್ತೊಂಬತ್ತು ವರ್ಷದಿಂದ ಇಷ್ಟರಲ್ಲೇ ನನ್ನ ಜೀವನ,
ಮಂಡ್ಯದ ಗುತ್ತಲು ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಮೇಲೆ,
ರಾಗಿ ಬೀಸುವಾಗ ನಡುಗುವ ಮೇಜಿನ ಮುಂದೆ.

ಸಣ್ಣತಾಯಮ್ಮ ಮಾದರಿಯನ್ನು ಗೋಣಿಚೀಲದಲ್ಲಿ ತಂದರು.
ಗಾಣದ ಬಾಯಿಗೆ ಕೂರಿಸುವ ವಾಲುಹಲಗೆ,
ಹಳೇ ಸೈಕಲ್ ಸ್ಟ್ಯಾಂಡಿನಿಂದ ಕಿತ್ತ ಸ್ಪ್ರಿಂಗು,
ಲೇತ್ ಮುನಾವರ್ ಕಡೆದುಕೊಟ್ಟ ಕೊಕ್ಕೆ.
"ಕಬ್ಬು ಒಳಿಕ್ಕೋಯ್ತದೆ, ಕೈ ಹೋಗಕ್ಕಿಲ್ಲ. ಅಷ್ಟೇ ಕನವ್ವ."
ಅಷ್ಟನ್ನೇ ಮೈಸೂರಿನ ವಕೀಲರು
ಹದಿನಾಲ್ಕು ಪುಟ ಬರೆದಿದ್ದಾರೆ.

ಉರುಳೆಗಳಿಗೆ ೧೨, ೧೪. ಹಲಗೆಗೆ ೨೦.
ಸ್ಪ್ರಿಂಗಿಗೆ ೨೨, ಕೊಕ್ಕೆಗೆ ೨೪.
ನಡುವಿನ ಬೆಸಸಂಖ್ಯೆ ಖಾಲಿ ಬಿಟ್ಟಿರುತ್ತೇನೆ,
ಮರೆತದ್ದೇನಾದರೂ ಆಮೇಲೆ ನೆನಪಾದರೆ ಇರಲಿ ಅಂತ.
ಸೀಳುನೋಟದಲ್ಲಿ ಕಬ್ಬಿಣಕ್ಕೆಲ್ಲ ಓರೆಗೆರೆ ತುಂಬಿದೆ,
ಒಂದೇ ಕಡೆ ವಾಲಿದ ಭತ್ತದ ಪೈರಿನ ಹಾಗೆ.

ಮೂರನೇ ಆಕೃತಿಗೆ ಒಂದು ಕೈ ಬೇಕಿತ್ತು,
ಹಲಗೆ ಅದನ್ನು ತಡೆಯುವುದು ಕಾಣಬೇಕಲ್ಲ.
"ನಿಮ್ಮದೇ ಇಡಿ" ಎಂದೆ.
ಇಟ್ಟರು.
ಹೆಬ್ಬೆರಳು, ತೋರುಬೆರಳು. ಅಲ್ಲಿಂದ ಮಣಿಕಟ್ಟಿನವರೆಗೆ
ನುಣ್ಣನೆಯ ಒಂದು ತಿರುವು.
ಇಷ್ಟು ಹೊತ್ತು ಸೆರಗಿನೊಳಗೆ ಇದ್ದದ್ದು.
ಕೆಳಗೆ ಗಿರಣಿ ನಿಂತಿತ್ತು. ಯಾರದೋ ಚೀಲ ಮುಗಿದು
ಇನ್ಯಾರದೋ ಸುರಿಯುತ್ತಿದ್ದರು.

"ಇದ್ನಲ್ಲ ಕನವ್ವ. ಐದೂ ಇರೋದ್ನ ಬರಿ.
ನಿನ್ ಕೈನೇ ನೋಡ್ಕಂಡು ಬರಿ."

ಎಡಗೈ ಹರವಿಕೊಂಡು ಬಲಗೈಯಲ್ಲಿ ಬರೆದೆ,
ಪರದೆಯ ಮೇಲೆ ಕನ್ನಡಿಯಂತೆ ಮಗುಚಿದೆ.
ಪೂರ್ತಿ ಗೆರೆಯಲ್ಲ, ತುಂಡುಗೆರೆ:
ಕೈ ಯಂತ್ರದ ಭಾಗವಲ್ಲ,
ಅದರ ಮೇಲೆ ಯಾರೂ ಹಕ್ಕು ಕೇಳುತ್ತಿಲ್ಲ,
ಅದಕ್ಕೆ ಸಂಖ್ಯೆಯೂ ಇಲ್ಲ.

ಹಾಳೆ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು.
ಕಿಟಕಿಗೆ ಹಿಡಿದು ನೋಡಿದರು ಸಣ್ಣತಾಯಮ್ಮ.
"ಯಾಕವ್ವಾ, ತುಂಡುತುಂಡಾಗಿ ಬರ್ದಿದ್ದೀಯ?"
ನಿಯಮ ಎಂದೆ. ಜಿನೀವಾದ್ದು ಎಂದೆ.
ಹೇಳುತ್ತಲೇ ನಾಲಿಗೆ ಒಣಗಿತು.

ಉಳಿದ ತೋರುಬೆರಳಿನಿಂದ
ಒಂದೊಂದನ್ನೇ ಮುಟ್ಟಿ ಮುಟ್ಟಿ ಐದರವರೆಗೆ ಹೋದರು.
"ಸರಿ ಬುಡು.
ಎಣಿಸಕ್ಕೆ ಬತ್ತದಲ್ಲ."