ನಲವತ್ತೊಂದನೆಯ ಪಾಕ

ಬುಕುರು ಸಂತೆಯ ಮೂಲೆಯಲ್ಲಿ, ಒಣಮೆಣಸಿನ ಸಾಲು ದಾಟಿ,
ಚಿಕ್ಕಮ್ಮ ಕನೆಂಗ್ ತೊಗಟೆ ಮಾರುತ್ತಾಳೆ.
ದರ್ಗಾಜ ಮರದ ಒಳತೊಗಟೆ,
ನಾರು ನಾರಾಗಿ ಸುಲಿದು, ಸಿಂಬೆ ಸುತ್ತಿ.
ಒಂದಕ್ಕೆ ಇಷ್ಟು; ಎರಡು ಕೊಂಡರೂ ಚೌಕಾಸಿ ಇಲ್ಲ.
ರಾತ್ರಿ ನೆನೆಹಾಕಿದರೆ ಬೆಳಿಗ್ಗೆ
ನೀರು ನೀರಾಗಿರುವುದಿಲ್ಲ:
ಬೆಂಡೆಯ ಲೋಳೆಯ ಹಾಗೆ ಸೌಟಿಗೆ ಜೋತುಬಿದ್ದು
ಕೆಳಗಿಳಿಯಲು ಒಲ್ಲೆನೆನ್ನುತ್ತದೆ.
ಅದರಿಂದಲೇ ನಮ್ಮ ಸಾರಿಗೆ ಮೈ.
ಅದರಿಂದಲೇ ಅಲಸಂದೆಯ ವಡೆ ಎಣ್ಣೆಯಲ್ಲಿ ಒಡೆಯುವುದಿಲ್ಲ.

ನಾನು ಲ್ಯೋಪ್. ಜೋಸ್ ನಮ್ಮೂರು,
ತವರ ತೋಡಿಕೊಂಡು ಹೋದವರು
ಹೊಂಡಗಳನ್ನು ಬಿಟ್ಟುಹೋದ ಊರು.
ಇಲ್ಲಿನ ಪ್ರಯೋಗಶಾಲೆಯಲ್ಲಿ
ಮಾತ್ರೆಗಳಿಗೆ ಅಂಗಿ ಹೊಲಿಯುತ್ತೇನೆ.
ಹಡಗಿನಲ್ಲಿ ಬರುವ ಪುಡಿಗೆ ಡಾಲರು ಕೇಳುತ್ತಾರೆ;
ನಮ್ಮ ನಾಯಿರಾ ಬೆಳಿಗ್ಗೆ ಇದ್ದಷ್ಟು ಸಂಜೆಗಿಲ್ಲ.
ಆದರೂ ದಾರಿ ಹೊಳೆದದ್ದು ಲೆಕ್ಕ ಹಾಕುವಾಗ ಅಲ್ಲ,
ಪಾತ್ರೆ ತೊಳೆಯುವಾಗ.
ಹಿಂದಿನ ದಿನದ ಸಾರು ಸೌಟಿನ ಮೇಲೆ ಒಣಗಿ
ಗಾಜಿನಂಥ ಪೊರೆಯಾಗಿ
ಉಗುರಲ್ಲಿ ಕೆರೆದರೂ ಬಿಡದೆ,
ಬಿಸಿನೀರು ಬಿದ್ದದ್ದೇ ಸದ್ದಿಲ್ಲದೆ ಬಿಟ್ಟುಕೊಟ್ಟಿತು.

ತೊಗಟೆ ನೆನೆಸಿದೆ. ಬಟ್ಟೆಯಲ್ಲಿ ಹಿಂಡಿದೆ.
ಸ್ಪಿರಿಟ್ ಸುರಿದಾಗ ಮೋಡವೊಂದು
ನೀರೊಳಗೇ ಹೆಪ್ಪುಗಟ್ಟಿ ತಳ ಸೇರಿತು.
ಒಣಗಿಸಿ, ಕುಟ್ಟಿ, ಜರಡಿ ಹಿಡಿದೆ. ಬಣ್ಣ ಕಂದು.
ಲಾಗೋಸಿನಿಂದ ಬಂದವರು ಬಿಳಿಯದಿಲ್ಲವೇ ಎಂದರು.

ಮೊದಲ ಪಾಕ: ಒಂದನ್ನೊಂದು ತಬ್ಬಿ ಜೇನುಹುಟ್ಟಿಯಾದವು.
ಏಳನೆಯದು: ಕಿತ್ತಳೆ ಸಿಪ್ಪೆಯ ಹಾಗೆ ಮೈಯೆಲ್ಲ ಗುಳಿ.
ಹದಿಮೂರನೆಯದು ಹರ್ಮಟಾನ್ ಗಾಳಿಗೆ
ಹಿಮ್ಮಡಿಯಂತೆ ಬಿರಿಯಿತು.
ಗ್ಲಿಸರಿನ್ ಬೆರೆಸಿದೆ. ಆ ದೂಳುಗಾಳಿಯ ತಿಂಗಳಲ್ಲಿ
ಅಮ್ಮ ನಮ್ಮ ಕಾಲಿಗೆ ಹಚ್ಚುತ್ತಿದ್ದುದೂ ಅದನ್ನೇ.
ಇಪ್ಪತ್ತಾರರ ನಡುವೆ ಕರೆಂಟು ಹೋಯಿತು.
ದಾವು ಜನರೇಟರಿಗೆ ಓಡಿದ; ಪೆಟ್ರೋಲಿರಲಿಲ್ಲ.
ನಿಂತುಹೋದ ಬೋಗುಣಿಯನ್ನು ಇಬ್ಬರೂ ಕೈಯಲ್ಲೇ ತಿರುಗಿಸಿದೆವು,
ನೆಲಗಡಲೆ ಹುರಿಯುವವರ ಹಾಗೆ,
ರಟ್ಟೆ ಸೋಲುವವರೆಗೆ.
ಆಗಲೂ ಅಂಟಿಕೊಂಡವು.
ಅಂಟುವುದು ಅಂಟಿನ ಗುಣ. ಬೈಯುವುದು ಹೇಗೆ?

ಮೂವತ್ತೆಂಟು ನೋಡಲು ಚೆಂದ.
ನುಣುಪು, ಹೊಳಪು, ಚೀಪಿ ಉಗುಳಿದ ಹುಣಸೆಬೀಜ.
ಬೆಚ್ಚನೆಯ ನೀರಲ್ಲಿ ಆರು ಗಾಜಿನ ಕೊಳವೆ
ಏಳುತ್ತ, ಮುಳುಗುತ್ತ;
ಗಡಿಯಾರ ಹಿಡಿದು ಕೂತೆ.
ಐದು ಕರಗಿದವು.
ಆರನೆಯದು ನಲವತ್ತು ನಿಮಿಷ
ತನ್ನ ಅಂಗಿಯ ಒಂದು ಗುಂಡಿಯನ್ನೂ ಬಿಚ್ಚಲಿಲ್ಲ.
ಯಾರದೋ ಹೊಟ್ಟೆ, ಯಾರದೋ ಜ್ವರ,
ಮದ್ದು ನುಂಗಿಯೂ ಮದ್ದಿಲ್ಲದ ಒಂದು ರಾತ್ರಿ
ಆ ಕೊಳವೆಯಲ್ಲಿ ಏಳುತ್ತ ಮುಳುಗುತ್ತ ಇತ್ತು.
ಇಡೀ ಪಾಕ ಚೆಲ್ಲಿದೆ. ದಾವು ಒಂದು ದಿನ ಮಾತಾಡಲಿಲ್ಲ.

ನಾಲಿಗೆಯ ಮೇಲೆ ಗಟ್ಟಿ, ಗಂಟಲಲ್ಲಿ ಜಾರು,
ಹೊಟ್ಟೆಯಲ್ಲಿ ಇಲ್ಲವೇ ಇಲ್ಲ:
ಇಷ್ಟೇ ಕೇಳುತ್ತಿದ್ದೇನೆ ಒಂದು ತೊಗಟೆಯನ್ನು.
ಮನುಷ್ಯರನ್ನು ಕೇಳಿದ್ದರೆ ಹೆಚ್ಚಾಗುತ್ತಿತ್ತು.

ನಲವತ್ತೊಂದನ್ನು ಕಾಗದದಲ್ಲಿ ಕಟ್ಟಿಕೊಂಡು ಸಂತೆಗೆ ಹೋದೆ.
ಚಿಕ್ಕಮ್ಮನಿಗೆ ಮಾತ್ರೆಯೆಂದರೆ ಆಗದು;
ಕ್ಲೋರೋಕ್ವಿನ್ ಕಾಲದ ಕಹಿ ಇನ್ನೂ ಕೆನ್ನೆಯೊಳಗಿದೆ.
ಕೊಟ್ಟದ್ದನ್ನು ದಿಂಬಿನಡಿ ತಳ್ಳಿ
ನರ್ಸಿಗೆ ಬಾಯಿ ಕಳೆದು ತೋರಿಸುವವಳು.
ಕೈಗೆ ತೆಗೆದುಕೊಂಡಳು. ಮೂಸಿದಳು.
"ನನ್ನ ತೊಗಟೆ" ಎಂದಳು; ಅದು ಪ್ರಶ್ನೆಯಲ್ಲ.
ನುಂಗಲಿಲ್ಲ. ಕೆನ್ನೆಯಲ್ಲಿಟ್ಟುಕೊಂಡು
ಇಬ್ಬರು ಗಿರಾಕಿಗಳಿಗೆ ಸಿಂಬೆ ಕಟ್ಟಿಕೊಟ್ಟಳು,
ಚಿಲ್ಲರೆ ಎಣಿಸಿದಳು,
ಕಹಿಗೆ ಕಾದಳು.

"ಕಹಿ ಎಲ್ಲಿ?"
"ಇದರಲ್ಲಿ ಮದ್ದಿಲ್ಲ ಚಿಕ್ಕಮ್ಮ. ಪರೀಕ್ಷೆಯದು, ಬರೀ ಹಾಲುಸಕ್ಕರೆ."
"ಹಾಗಾದರೆ ಇಷ್ಟು ದಿನ ಮುಚ್ಚಿದ್ದು ಏನನ್ನ?"

ನಾನು ನಕ್ಕೆ. ಅವಳು ನಗಲಿಲ್ಲ.
ನಾಲಿಗೆಯ ತುದಿಯಿಂದ ಉಳಿದ ಪೊರೆ ತೆಗೆದು
ಎರಡು ಬೆರಳ ನಡುವೆ ಎಳೆದು, ಬಿಸಿಲಿಗೆ ಹಿಡಿದು,
"ಎಳೆಯ ತೊಗಟೆ. ಮಳೆಗೆ ಮೊದಲು ಸುಲಿದದ್ದು ಬೇಕು ನಿನಗೆ.
ಮತ್ತೆ, ಉಪ್ಪು ಸಾಲದು."

ನಲವತ್ತೆರಡರ ಪುಟದಲ್ಲಿ
ಮೊದಲನೆಯ ಮಾತು ಬರೆದುಕೊಂಡೆ.
ಸ್ವಲ್ಪ ಹೊತ್ತು ಬಿಟ್ಟು, ಎರಡನೆಯದನ್ನೂ.